ಸೆಲ್ಫ್ ಹೊಡೀತಾನೇ ಇರಬೇಡಿ

ಯುವ ಆರಾಧನೆ – ಭಾನುವಾರದ ಸಂದೇಶದ ಬರಹರೂಪ
ವಾಕ್ಯಭಾಗ: 1 ಅರಸುಗಳು 18 ಮತ್ತು 19ನೇ ಅಧ್ಯಾಯ

ಕೂತ್ಕೊಳ್ಳಿ. ಪುಸ್ತಕದಲ್ಲಾದರೂ ಸರಿ, ಮೊಬೈಲಲ್ಲಾದರೂ ಸರಿ, ಸತ್ಯವೇದ ತೆಗೀರಿ. ಒಂದನೇ ಅರಸುಗಳು, 19ನೇ ಅಧ್ಯಾಯ. ಸಿಕ್ಕಿದವರು ಒಂದ್ಸಲ ಆಮೆನ್ ಹೇಳಿ.

ನಿಮ್ಮಲ್ಲಿ ತುಂಬಾ ಜನ ನನ್ನ ಹತ್ರ ಬಂದು ಹೇಳೋ ಮಾತು ಒಂದೇ. "ಪಾಸ್ಟರ್, ಮೊದಲಿನ ಹಾಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಮೊಣಕಾಲೂರಿದ್ರೆ ಬಾಯೇ ಬರಲ್ಲ. ಆರಾಧನೆಯಲ್ಲಿ ಎಲ್ಲರೂ ಅಳ್ತಿರ್ತಾರೆ, ನಾನು ಮರದ ಹಾಗೆ ನಿಂತಿರ್ತೀನಿ." ಈ ಮಾತನ್ನ ಅವರು ಇನ್ಯಾರಿಗಾದ್ರೂ ಹೇಳಿದ್ರೆ ಸಿಗೋ ಉತ್ತರವೂ ಒಂದೇ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು. ಇನ್ನೊಂದು ಉಪವಾಸ ಹಿಡಿ. ನಿನ್ನಲ್ಲಿ ವಿಶ್ವಾಸ ಕಮ್ಮಿ. ಇವತ್ತು ಆ ಉತ್ತರ ಸರಿನಾ ಅಂತ ವಾಕ್ಯದಿಂದ ನೋಡೋಣ.

18ನೇ ಅಧ್ಯಾಯ ನಿಮಗೆಲ್ಲ ಬಾಯಿಪಾಠ. ಕರ್ಮೆಲ್ ಬೆಟ್ಟ. ಬಾಳನ 450 ಪ್ರವಾದಿಗಳು ಒಂದು ಕಡೆ, ಎಲೀಯ ಒಬ್ಬನೇ ಒಂದು ಕಡೆ. ಆಕಾಶದಿಂದ ಬೆಂಕಿ ಬಿತ್ತು. ವರ್ಷಗಟ್ಟಲೆ ಇಲ್ಲದ ಮಳೆ ಬಂತು. ಅಹಾಬನ ರಥದ ಮುಂದೆ ಇಜ್ರೇಲಿನ ತನಕ ಓಡಿದ ಈ ಮನುಷ್ಯ. ಹಲ್ಲೆಲೂಯಾ! ಪುಟ ತಿರುವಿದ್ರೆ ಈಜೆಬೆಲಳಿಂದ ಒಂದು ಸಂದೇಶ ಬಂತು, ಅಷ್ಟೇ. ಬೇರ್ಷೆಬಕ್ಕೆ ಓಡಿದ, ಜೊತೆಗಿದ್ದ ಸೇವಕನನ್ನ ಅಲ್ಲೇ ಬಿಟ್ಟ, ಒಂದು ದಿನದ ದಾರಿ ಒಬ್ಬನೇ ಕಾಡಿನೊಳಗೆ ಹೋದ, ಒಂದು ಗಿಡದ ಕೆಳಗೆ ಕೂತು ಪ್ರಾಣ ತಗೊಂಡುಬಿಡಪ್ಪಾ ಅಂತ ದೇವರನ್ನ ಬೇಡಿಕೊಂಡ.

ಬೆಂಕಿ ಇಳಿಸಿದವನು ಅವನೇ. ಸಾವು ಬೇಡಿದವನೂ ಅವನೇ. ಇಂಜಿನ್ ಕೆಟ್ಟುಹೋಗಿತ್ತಾ? ಇಲ್ಲ ಪ್ರಿಯರೇ. ಬ್ಯಾಟರಿ ಡೌನ್ ಆಗಿತ್ತು.

ನಮ್ಮ ತಂದೆ ಡೀಸೆಲ್ ಟ್ಯಾಕ್ಸಿ ಓಡಿಸ್ತಿದ್ರು. ಚಳಿಗಾಲದ ಬೆಳಿಗ್ಗೆ ಐದು ಗಂಟೆಗೆ ಆ ಗಾಡಿ ಸ್ಟಾರ್ಟ್ ಆಗೋ ಸದ್ದಿಗೆ ಎದ್ದು ಬೆಳೆದವನು ನಾನು. ಬೈಬಲ್ ಕಾಲೇಜಿನಲ್ಲಿ ಎಲೀಯನ ಬಗ್ಗೆ ಕಲಿತದ್ದು ಒಂದಷ್ಟು. ಅದು ಅರ್ಥ ಆಗಿದ್ದು ಬಾನೆಟ್ ಹತ್ರ ನಿಂತಾಗ. ಹಾಗಾಗಿ ಇವತ್ತು ಸ್ವಲ್ಪ ಹೊತ್ತು ಗ್ಯಾರೇಜಿಗೆ ಹೋಗಿ ಬರೋಣ.

ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಸ್ಪಾರ್ಕ್ ಪ್ಲಗ್ ಇಲ್ಲ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಇಂಜಿನ್ನಿನ ಗುಟ್ಟೇ ಇದು. ಗಾಳಿಯನ್ನ ಸುಮಾರು 15ರಿಂದ 20 ಪಟ್ಟು ಒತ್ತಿದ್ರೆ ಅದು 500 ಡಿಗ್ರಿಗೂ ಮೇಲೆ ಕಾಯುತ್ತೆ. ಅದರೊಳಗೆ ಡೀಸೆಲ್ ಸಿಂಪಡಿಸಿದ್ರೆ ಕಿಡಿ ಇಲ್ಲದೆ ತಾನೇ ಹೊತ್ತಿಕೊಳ್ಳುತ್ತೆ. ಆದ್ರೆ ಅಷ್ಟು ಜೋರಾಗಿ ಗಾಳಿ ಒತ್ತಬೇಕು ಅಂದ್ರೆ ಸೆಲ್ಫ್ ಮೋಟರ್ ಇಂಜಿನ್ನನ್ನ ರಭಸದಿಂದ ತಿರುಗಿಸಬೇಕು. ಅದಕ್ಕೇ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಡೀಸೆಲ್ ಕಾರಿಗೆ ದೊಡ್ಡ ಬ್ಯಾಟರಿ ಹಾಕಿರ್ತಾರೆ. ಚಳಿಯಲ್ಲಿ ಕಷ್ಟ ಇನ್ನೂ ಜಾಸ್ತಿ. ಆಯಿಲ್ ಗಟ್ಟಿಯಾಗಿರುತ್ತೆ, ತಣ್ಣಗಿನ ಕಬ್ಬಿಣ ಶಾಖವನ್ನ ನುಂಗಿಬಿಡುತ್ತೆ, ಬ್ಯಾಟರಿಯೂ ಸೋಮಾರಿಯಾಗುತ್ತೆ. ಸಂಜೆ ಸ್ಟಾರ್ಟ್ ಆದ ಗಾಡಿ ಬೆಳಿಗ್ಗೆ ಕೈ ಕೊಡೋದು ಇದಕ್ಕೇ.

ಅಂದ್ರೆ ಜಾಸ್ತಿ ಒತ್ತಡದಲ್ಲಿ ಓಡೋ ಇಂಜಿನ್ನಿಗೆ ಜಾಸ್ತಿ ಚಾರ್ಜ್ ಬೇಕು. ವರ್ಷಿಪ್ ಟೀಮಿನವರು, ಸೆಲ್ ಗ್ರೂಪ್ ನಡೆಸೋರು, ಸಂಡೇ ಸ್ಕೂಲ್ ಟೀಚರ್ಸ್, ಸ್ವಲ್ಪ ಕಿವಿಗೊಟ್ಟು ಕೇಳಿ. ಕರ್ಮೆಲ್ ಬೆಟ್ಟ ಹತ್ತಿದವನೇ ಗಿಡದ ಕೆಳಗೆ ಬಿದ್ದಿದ್ದು. ಮನೆಯಲ್ಲಿ ಕೂತವನಲ್ಲ.

ಮೊದಲನೇದು: ಸದ್ದು ಕೇಳಿ

ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂದ ತಕ್ಷಣ ಒಳ್ಳೆ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಲ್ಲ. "ಒಂದ್ಸಲ ಕೀ ತಿರುಗಿಸಿ" ಅಂತಾನೆ, ಕಿವಿ ಕೊಡ್ತಾನೆ. ಬರೋ ಸದ್ದು ಮುಖ್ಯವಾಗಿ ಮೂರು ಥರ.

ಟಕಟಕಟಕ ಅಂತ ಬೇಗಬೇಗ ಸದ್ದು ಬಂದು ಡ್ಯಾಶ್‌ಬೋರ್ಡ್ ಲೈಟು ಮಂಕಾದ್ರೆ ಬ್ಯಾಟರಿ ಡೌನ್, ಇಲ್ಲಾಂದ್ರೆ ಟರ್ಮಿನಲ್ ಸಡಿಲ. ಒಂದೇ ಒಂದು ಸಲ "ಟಕ್" ಅಂದು ಸುಮ್ಮನಾಗಿ, ಲೈಟು ಚೆನ್ನಾಗೇ ಉರೀತಿದ್ರೆ ಅನುಮಾನ ಸೆಲ್ಫ್ ಮೋಟರ್ ಮೇಲೆ, ಅದರ ವೈರಿಂಗ್ ಮೇಲೆ. ಇನ್ನು ಇಂಜಿನ್ ಚೆನ್ನಾಗಿ ತಿರುಗುತ್ತೆ, ಆದ್ರೆ ಹಿಡಿಯಲ್ಲ ಅಂದ್ರೆ ಬ್ಯಾಟರಿದು ತಪ್ಪೇ ಇಲ್ಲ. ಹೀಟರ್ ಪ್ಲಗ್ ನೋಡಬೇಕು, ಡೀಸೆಲ್ ಫಿಲ್ಟರ್ ಕಟ್ಟಿದೆಯಾ, ಅದರಲ್ಲಿ ನೀರು ನಿಂತಿದೆಯಾ, ಪೈಪಿನಲ್ಲಿ ಗಾಳಿ ಸೇರಿದೆಯಾ ನೋಡಬೇಕು. ಅದಕ್ಕೂ ಮೊದಲು ಟ್ಯಾಂಕಲ್ಲಿ ಡೀಸೆಲ್ ಇದೆಯಾ ನೋಡಬೇಕು. ನಗಬೇಡಿ, ಎಷ್ಟೋ ಸಲ ಅದೇ ಆಗಿರುತ್ತೆ.

ದೂರು ಒಂದೇ, "ಸ್ಟಾರ್ಟ್ ಆಗ್ತಿಲ್ಲ." ರೋಗ ಮೂರು. ಮೂರನೇ ಸದ್ದು ಬರೋ ಗಾಡಿಗೆ ಹೊಸ ಬ್ಯಾಟರಿ ಹಾಕಿದ್ರೆ ದುಡ್ಡು ಹೋಗುತ್ತೆ, ಗಾಡಿ ಅಲ್ಲೇ ಇರುತ್ತೆ.

"ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ" ಅನ್ನೋ ದೂರೂ ಹಾಗೇ. ನಾನು ಯಾರೊಬ್ಬರ ಗುಟ್ಟನ್ನೂ ಹೇಳ್ತಿಲ್ಲ, ಇಷ್ಟು ವರ್ಷ ಕೇಳಿದ್ದನ್ನ ಸೇರಿಸಿ ಹೇಳ್ತಿದ್ದೀನಿ. ಒಬ್ಬ ವೈಟ್‌ಫೀಲ್ಡಿನಲ್ಲಿ ನೈಟ್ ಶಿಫ್ಟ್ ಮಾಡ್ತಾನೆ, ತಿಂಗಳುಗಟ್ಟಲೆ ನಾಲ್ಕು ಗಂಟೆಗಿಂತ ಜಾಸ್ತಿ ನಿದ್ದೆ ಮಾಡಿಲ್ಲ. ಒಬ್ಬಳು ಅಮ್ಮನನ್ನ ಮಣ್ಣು ಮಾಡಿ ಬಂದು ಮೂರನೇ ದಿನಕ್ಕೆ ಆಫೀಸಿಗೆ ಹೋದವಳು, ಇವತ್ತಿನ ತನಕ ಬಾಯಿಬಿಟ್ಟು ಅತ್ತಿಲ್ಲ. ಇನ್ನೊಬ್ಬ ಬೆಟ್ಟಿಂಗ್ ಆ್ಯಪಿನಲ್ಲಿ ಸಾಲ ಮಾಡಿಕೊಂಡು ಮನೆಯಲ್ಲಿ ಸುಳ್ಳು ಹೇಳ್ತಿದ್ದಾನೆ. ಮೊದಲನೆಯವನಿಗೆ ನಿದ್ದೆ ಬೇಕು. ಎರಡನೆಯವಳಿಗೆ ಪಕ್ಕದಲ್ಲಿ ಕೂತು ಅಳೋರು ಬೇಕು. ಮೂರನೆಯವನು ಬೆಳಕಿಗೆ ಬಂದು ಪಾಪ ಒಪ್ಪಿಕೊಳ್ಳಬೇಕು. ಈ ಮೂವರಿಗೂ "ಉಪವಾಸ ಹಿಡಿ" ಅಂತ ಒಂದೇ ಮಾತ್ರೆ ಕೊಟ್ಟರೆ ಅದು ಸೇವೆ ಅಲ್ಲ ಪ್ರಿಯರೇ, ಸೋಮಾರಿತನ.

19ನೇ ಅಧ್ಯಾಯದಲ್ಲಿ ದೇವರು ಏನು ಮಾಡಿದರು ನೋಡಿ. ಇಲ್ಲಿ ನಿನಗೇನು ಕೆಲಸ ಅಂತ ಎಲೀಯನನ್ನ ಕೇಳಿದರು. ಒಂದ್ಸಲ ಅಲ್ಲ, ಎರಡು ಸಲ. ಎಲ್ಲ ಬಲ್ಲ ದೇವರಿಗೆ ಕೇಳೋ ಅವಶ್ಯಕತೆ ಇತ್ತಾ? ಆದ್ರೂ ಕೇಳಿದರು, ಅವನು ಎರಡು ಸಲವೂ ಅದೇ ಗೋಳು ಹೇಳಿಕೊಂಡ, ಎರಡು ಸಲವೂ ಪೂರ್ತಿ ಕೇಳಿಸಿಕೊಂಡರು. ಮಧ್ಯದಲ್ಲಿ ಬಾಯಿ ಮುಚ್ಚಿಸಲಿಲ್ಲ.

ಎರಡನೇದು: ಸೆಲ್ಫ್ ಹೊಡೆಯೋದು ನಿಲ್ಲಿಸಿ

ಜನವರಿಯಲ್ಲಿ ಸಕಲೇಶಪುರದ ಹತ್ರ ಯುವಕರ ರಿಟ್ರೀಟಿಗೆ ಹೋಗಿದ್ವಲ್ಲ, ಕೊನೇ ದಿನ ಬೆಳಿಗ್ಗೆ ಒಬ್ಬ ಸಹೋದರಿಯ ಡೀಸೆಲ್ ಕಾರು ಸ್ಟಾರ್ಟ್ ಆಗ್ಲಿಲ್ಲ. ನಮ್ಮ ಹುಡುಗರು ಬಿಡ್ತಾರಾ? ಒಬ್ಬ ಕೂತು ಸೆಲ್ಫ್ ಹೊಡೆದ. ಆಗ್ಲಿಲ್ಲ. "ನೀನು ಸರಿ, ನಾನು ನೋಡ್ತೀನಿ" ಅಂತ ಇನ್ನೊಬ್ಬ. ಮೊದಮೊದಲು ಇಂಜಿನ್ ತಿರುಗ್ತಿತ್ತು, ಆಮೇಲೆ ನರಳ್ತಿತ್ತು, ಕೊನೆಗೆ ಬರೀ ಟಕಟಕ. ಆಗ ನಾಲ್ಕು ಜನ ಬಾನೆಟ್ ಮೇಲೆ ಕೈಯಿಟ್ಟು ಯೇಸುವಿನ ನಾಮದಲ್ಲಿ ಗದರಿಸೋಕೆ ಶುರು ಮಾಡಿದ್ರು!

ನಮ್ಮ ಸಭೆಯ ಮೆಕ್ಯಾನಿಕ್ ಅಣ್ಣ ಕಾಫಿ ಲೋಟ ಹಿಡ್ಕೊಂಡು ಬಂದವರು ಒಂದು ಮಾತು ಹೇಳಿದ್ರು. "ತಮ್ಮಾ, ಪ್ರಾರ್ಥನೆ ನಿಲ್ಲಿಸಬೇಡಿ. ಕೀ ತಿರುಗಿಸೋದು ನಿಲ್ಲಿಸಿ."

ಯಾಕೆ ಅಂದ್ರೆ ಒಂದೊಂದು ಸಲ ಸೆಲ್ಫ್ ಹೊಡೆದಾಗಲೂ ನೂರಾರು ಆಂಪಿಯರ್ ಕರೆಂಟು ಬ್ಯಾಟರಿಯಿಂದ ಹೋಗುತ್ತೆ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೀಬಾರದು, ಮಧ್ಯ ಒಂದು ನಿಮಿಷವಾದರೂ ಬಿಡಬೇಕು. ಇಲ್ಲಾಂದ್ರೆ ಉಳಿದಿದ್ದ ಸ್ವಲ್ಪ ಚಾರ್ಜೂ ಹೋಗುತ್ತೆ, ಸೆಲ್ಫ್ ಮೋಟರೂ ಸುಟ್ಟುಹೋಗಬಹುದು. ಒಂದಿದ್ದ ಸಮಸ್ಯೆ ಎರಡಾಗುತ್ತೆ. ಅಣ್ಣ ಬಾನೆಟ್ ತೆಗೆಸಿದ್ರು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿತ್ತು, ಕ್ಲ್ಯಾಂಪ್ ಕೈಯಲ್ಲೇ ಅಲ್ಲಾಡ್ತಿತ್ತು. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆಮನೆಯಿಂದ ಬಿಸಿನೀರು ತರಿಸಿ ತೊಳೆದ್ರು. ಮೀಟರ್ ಹಿಡಿದ್ರೆ 11.8 ವೋಲ್ಟ್. ಪೂರ್ತಿ ಚಾರ್ಜ್ ಇರೋ ಬ್ಯಾಟರಿ, ಗಾಡಿ ನಿಂತಿರುವಾಗ 12.6ರ ಆಸುಪಾಸು ತೋರಿಸಬೇಕು. 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ. 11.8 ಅಂದ್ರೆ ಖಾಲಿ ಅಂತಲೇ ಲೆಕ್ಕ.

ಖಾಲಿಯಾದವನಿಗೆ ದೂತನು ಬಂದು ಏನು ಮಾಡಿದ? ಎದ್ದು ಪ್ರಾರ್ಥನೆ ಮಾಡು ಅಂದನಾ? ಪ್ರವಾದಿಯಾಗಿ ಹೀಗೆಲ್ಲ ಮಾತಾಡ್ತೀಯಾ ಅಂತ ಬೈದನಾ? ಮುಟ್ಟಿ ಎಬ್ಬಿಸಿದ. ಊಟ ಮಾಡು ಅಂದ. ತಲೆ ಹತ್ರ ಬಿಸಿ ರೊಟ್ಟಿ, ನೀರು. ಎಲೀಯ ತಿಂದು ಮತ್ತೆ ಮಲಗಿಬಿಟ್ಟ! ದೂತ ಅದಕ್ಕೂ ಬೈಯಲಿಲ್ಲ. ಎರಡನೇ ಸಲ ಬಂದು ಮುಟ್ಟಿ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು, ಇನ್ನೂ ತಿನ್ನು ಅನ್ನೋ ಅರ್ಥದಲ್ಲಿ ಹೇಳಿದ. ಹೋರೇಬಿನ ತನಕ 40 ದಿನ 40 ರಾತ್ರಿಯ ನಡಿಗೆ ಆದದ್ದು ಆಮೇಲೆ. ಕ್ರಮ ಗಮನಿಸಿ. ಮೊದಲು ನಿದ್ದೆ, ಊಟ, ಒಂದು ಸ್ಪರ್ಶ. ಆಮೇಲೆ 40 ದಿನ. ನಾವು ತಿರುಗಿಸಿ ಇಟ್ಟುಕೊಂಡಿದ್ದೀವಿ.

ಉಪವಾಸ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಸಭೆ ಉಪವಾಸ ಪ್ರಾರ್ಥನೆಯಲ್ಲೇ ಬೆಳೆದ ಸಭೆ. ಆದ್ರೆ 11.8 ವೋಲ್ಟಿನಲ್ಲಿ ಇರೋನಿಗೆ ಇನ್ನೊಂದ್ಸಲ ಸೆಲ್ಫ್ ಹೊಡಿ ಅಂತ ಹೇಳಬೇಡಿ. ಅವನು ಮಲಗಲಿ ಬಿಡಿ.

ಮೂರನೇದು: ಇನ್ನೊಂದು ಗಾಡಿ ಬೇಕು

ಖಾಲಿ ಬ್ಯಾಟರಿ ತನಗೆ ತಾನೇ ಜಂಪ್ ಸ್ಟಾರ್ಟ್ ಕೊಟ್ಟುಕೊಳ್ಳೋಕೆ ಆಗಲ್ಲ. ರಿಟ್ರೀಟಿನಲ್ಲಿ ಸಭೆಯ ವ್ಯಾನನ್ನ ಪಕ್ಕಕ್ಕೆ ತಂದ್ರು. ಒಂದಕ್ಕೊಂದು ತಾಗಬಾರದು, ಎರಡೂ ಆಫ್ ಆಗಿರಬೇಕು. ಕೆಂಪು ಕೇಬಲ್ ಮೊದಲು ಖಾಲಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಕೊನೇ ಕ್ಲಿಪ್ಪು ಮಾತ್ರ ಖಾಲಿ ಬ್ಯಾಟರಿಗೆ ಅಲ್ಲ. ಅದರಿಂದ ದೂರ, ಇಂಜಿನ್ನಿನ ಪೇಂಟ್ ಇಲ್ಲದ ಕಬ್ಬಿಣಕ್ಕೆ. ಯಾಕೆ ಗೊತ್ತಾ? ಕೊನೇ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತೆ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರ್ತಿರಬಹುದು. ಗ್ಯಾಸ್ ಪಕ್ಕ ಕಿಡಿ ಹಾರಿದ್ರೆ ಬ್ಯಾಟರಿ ಸಿಡಿಯುತ್ತೆ. ಬ್ಯಾಟರಿ ಒಡೆದಿದ್ರೆ, ಆಸಿಡ್ ಸೋರ್ತಿದ್ರೆ ಜಂಪ್ ಕೊಡೋಕೇ ಹೋಗಬಾರದು. ಇನ್ನೊಂದು, 12 ವೋಲ್ಟ್ ಕಾರಿಗೆ 24 ವೋಲ್ಟ್ ಲಾರಿಯಿಂದ ಕೊಡಬಾರದು, ಕಾರಿನ ಎಲೆಕ್ಟ್ರಾನಿಕ್ಸ್ ಹೊಗೆ ಆಗಿಬಿಡುತ್ತೆ.

ನೊಂದವರ ಹತ್ರ ಹೋಗೋರಿಗೆ ಇದರಲ್ಲಿ ಪಾಠ ಇದೆ. ಮೊದಲು ನಿಮ್ಮ ಇಂಜಿನ್ ಓಡ್ತಿರಲಿ, ಇಲ್ಲಾಂದ್ರೆ ಎರಡು ಗಾಡಿ ಕೆಟ್ಟು ನಿಲ್ಲುತ್ತೆ. ಗಾಯದ ಮೇಲೇ ಕೈ ಹಾಕಬೇಡಿ. "ನಿನ್ನ ಜೀವನದಲ್ಲಿ ಏನೋ ಪಾಪ ಇರಬೇಕು" ಅನ್ನೋ ಕಿಡಿ ಹಾರಿಸಬೇಡಿ. ಸ್ವಲ್ಪ ದೂರದಲ್ಲಿ, ಗಟ್ಟಿ ಜಾಗದಲ್ಲಿ ಹಿಡೀರಿ. ಟೀ ಕುಡಿಸಿ. ಪಿಜಿಯಲ್ಲಿ ಒಬ್ಬನೇ ಇದ್ರೆ ಊಟ ತಗೊಂಡು ಹೋಗಿ. ಲಾರಿ ವೋಲ್ಟೇಜಿನ ಪ್ರಸಂಗ ಅವತ್ತೇ ಬೇಡ.

ಎಲೀಯ ಸೇವಕನನ್ನ ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಹೋದ ಅಂತ ಹೇಳಿದೆನಲ್ಲ. ಹೋರೇಬಿನಲ್ಲಿ ನಾನೊಬ್ಬನೇ ಉಳಿದಿದ್ದೀನಿ ಅಂತ ಎರಡು ಸಲ ಹೇಳಿಕೊಂಡ. ದೇವರ ಉತ್ತರ ಏನು? ಬಾಳನಿಗೆ ಮೊಣಕಾಲೂರದವರು ಏಳು ಸಾವಿರ ಜನ ಇದ್ದಾರೆ. ಜೊತೆಗೆ ಎಲೀಷನನ್ನ ಕೊಟ್ಟರು. ಕಣ್ಣಿಗೆ ಕಾಣದ ಏಳು ಸಾವಿರ, ಕೈಗೆ ಸಿಗೋ ಒಬ್ಬ. ನಿಮ್ಮ ಎಲೀಷ ಯಾರು? ಹೆಸರು ಹೇಳೋಕೆ ಆಗ್ತಿಲ್ಲ ಅಂದ್ರೆ ಇವತ್ತು ಮನೆಗೆ ಹೋಗೋ ಮುಂಚೆ ಯಾರ ಹತ್ರವಾದ್ರೂ ಮಾತಾಡಿ.

ನಾಲ್ಕನೇದು: ಸ್ಟಾರ್ಟ್ ಆಯ್ತು ಅಂತ ಮನೆಗೆ ಹೋಗಬೇಡಿ

ಜಂಪ್ ಕೊಟ್ಟ ಮೇಲೆ ಇಂಜಿನ್ ಹಿಡೀತು. ಹುಡುಗರೆಲ್ಲ ಹಲ್ಲೆಲೂಯಾ ಅಂದ್ರು. ಅಣ್ಣ ಕೀ ಮುಟ್ಟೋಕೆ ಬಿಡ್ಲಿಲ್ಲ. ಆಫ್ ಮಾಡಿದ್ರೆ ಮತ್ತೆ ಅದೇ ಕಥೆ. ಬ್ಯಾಟರಿ ಇರೋದು ಸ್ಟಾರ್ಟ್ ಮಾಡೋಕೆ. ಆಮೇಲೆ ಕರೆಂಟು ಕೊಡೋದು ಆಲ್ಟರ್ನೇಟರ್. ನಮ್ಮ ತಂದೆ ಬಾಯಲ್ಲಿ ಅದು ಡೈನಮೊ. ಇಂಜಿನ್ ಓಡುವಾಗ ಟರ್ಮಿನಲ್‌ನಲ್ಲಿ 13.8ರಿಂದ 14.5 ವೋಲ್ಟ್ ತೋರಿಸಿದ್ರೆ ಚಾರ್ಜ್ ಆಗ್ತಿದೆ ಅಂತ ಅರ್ಥ. 12ರಲ್ಲೇ ನಿಂತಿದ್ರೆ ಆಲ್ಟರ್ನೇಟರ್ರೋ ಬೆಲ್ಟೋ ಕೈ ಕೊಟ್ಟಿದೆ. ದಿನಾ ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಎರಡು ಕಿಲೋಮೀಟರ್ ಮಾತ್ರ ಓಡಿಸಿದ್ರೆ, ಸ್ಟಾರ್ಟ್ ಮಾಡೋಕೆ ತಗೊಂಡಷ್ಟನ್ನೂ ಅದು ವಾಪಸ್ ತುಂಬಿಸಲ್ಲ.

ಭಾನುವಾರದ ಆರಾಧನೆ ಜಂಪ್ ಸ್ಟಾರ್ಟ್ ಪ್ರಿಯರೇ. ಅಭಿಷೇಕ ಇಳಿಯುತ್ತೆ, ಅಳ್ತೀವಿ, ಹಾಡ್ತೀವಿ. ದೇವರಿಗೆ ಸ್ತೋತ್ರ. ಆದ್ರೆ ಪಾರ್ಕಿಂಗಲ್ಲೇ ಇಂಜಿನ್ ಆಫ್ ಮಾಡಿ ಮುಂದಿನ ಭಾನುವಾರ ಮತ್ತೆ ಕೇಬಲ್ ಹಿಡ್ಕೊಂಡು ಬಂದ್ರೆ ಹೇಗೆ? ಯೋಹಾನ 15ರಲ್ಲಿ ಯೇಸು ದ್ರಾಕ್ಷೇಬಳ್ಳಿ ಮತ್ತು ಕೊಂಬೆಯ ವಿಷಯ ಹೇಳಿದ್ದು ನೆಲೆಗೊಂಡಿರೋದರ ಬಗ್ಗೆ, ವಾರಕ್ಕೊಮ್ಮೆ ಬಂದು ತಾಗಿಸಿ ಹೋಗೋದರ ಬಗ್ಗೆ ಅಲ್ಲ.

ಐದನೇದು: ಎಲ್ಲಿ ಸೋರ್ತಿದೆ ಹುಡುಕಿ

ಚಾರ್ಜ್ ಮಾಡಿದ ಒಳ್ಳೆ ಬ್ಯಾಟರಿ ಮತ್ತೆ ಮತ್ತೆ ಡೌನ್ ಆದ್ರೆ ಗಾಡಿ ಆಫ್ ಇದ್ದಾಗಲೂ ಏನೋ ಕರೆಂಟು ಕುಡೀತಿದೆ ಅಂತ ಅರ್ಥ. ಡಿಕ್ಕಿಯ ಲೈಟು, ಆಮೇಲೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್. ಲೆಕ್ಕ ಹಾಕಿ. 60 ಆಂಪಿಯರ್-ಅವರ್ ಬ್ಯಾಟರಿ, ಒಂದೇ ಒಂದು ಆಂಪಿಯರ್ ಸೋರಿಕೆ, ಅಂದ್ರೆ 12 ವ್ಯಾಟಿನ ಸಣ್ಣ ಬಲ್ಬು. 60 ಗಂಟೆಗೆ ಪೂರ್ತಿ ಖಾಲಿ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೆಣ. ಅದನ್ನ ಹುಡುಕೋಕೆ ಮೆಕ್ಯಾನಿಕ್ ಮೀಟರ್ ಸೇರಿಸಿ ಒಂದೊಂದೇ ಫ್ಯೂಸ್ ತೆಗೀತಾನೆ. ಯಾವ ಫ್ಯೂಸ್ ತೆಗೆದಾಗ ಮುಳ್ಳು ಇಳಿಯುತ್ತೋ, ಕಳ್ಳ ಅಲ್ಲಿದ್ದಾನೆ.

ನಿಮ್ಮ ಜೀವನದಲ್ಲಿ ರಾತ್ರಿಯೆಲ್ಲ ಉರೀತಿರೋ ಸಣ್ಣ ಬಲ್ಬು ಯಾವುದು? ಒಂದು ಗಂಟೆ ರಾತ್ರಿಯ ರೀಲ್ಸಾ? ಕ್ಲಾಸ್‌ಮೇಟಿನ ಸಂಬಳ, ಮದುವೆ, ಫ್ಲ್ಯಾಟು ನೋಡಿ ಹೊಟ್ಟೆಯೊಳಗೆ ಉರಿಯೋ ಸಂಕಟನಾ? ಅಪ್ಪನನ್ನ ಇನ್ನೂ ಕ್ಷಮಿಸದೇ ಇರೋದಾ? ದಾವೀದನು 139ನೇ ಕೀರ್ತನೆಯ ಕೊನೆಯಲ್ಲಿ ತನ್ನ ಹೃದಯವನ್ನ ಪರೀಕ್ಷಿಸಿ ನೋಡು ಅಂತ ದೇವರ ಮುಂದೆ ತೆರೆದಿಟ್ಟನು. ಬಾನೆಟ್ ತೆಗೆದುಕೊಟ್ಟ ಹಾಗೆ. ಒಂದೊಂದೇ ಫ್ಯೂಸ್ ತೆಗೆಯೋಕೆ ಪವಿತ್ರಾತ್ಮನಿಗೆ ಅವಕಾಶ ಕೊಡಿ.

ಈಗ ಒಂದು ಮಾತು ಸ್ವಲ್ಪ ಗಂಭೀರವಾಗಿ. ಎಲೀಯನು ಸಾವು ಬೇಡಿದ್ದನ್ನ ಸತ್ಯವೇದ ಮುಚ್ಚಿಡಲಿಲ್ಲ. ಈ ಹಾಲಿನಲ್ಲಿ, ಅಥವಾ ಇದನ್ನ ಓದ್ತಿರೋರಲ್ಲಿ, ಆ ಗಿಡದ ಕೆಳಗೆ ಕೂತಿರೋರು ಇರಬಹುದು. ತಮ್ಮಾ, ತಂಗೀ, ಅದನ್ನ ಬಚ್ಚಿಟ್ಟುಕೊಂಡು ಓಡಾಡಬೇಡಿ. ಇವತ್ತೇ ಒಬ್ಬರಿಗೆ ಹೇಳಿ. ನನಗೆ ಹೇಳಿ, ನಾನು ಗದರಿಸಲ್ಲ. ಡಾಕ್ಟರ ಹತ್ರ ಹೋಗೋದು ಅವಿಶ್ವಾಸ ಅಲ್ಲ. ಪೌಲನ ಜೊತೆ ಸೇವೆಯಲ್ಲಿದ್ದ ಲೂಕನು ವೈದ್ಯನೇ. ನಮ್ಮ ಬೆಂಗಳೂರಲ್ಲೇ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಯಾವ ಹೊತ್ತಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಡದಿದ್ರೂ ನಿಮ್ಮ ರೂಮ್‌ಮೇಟಿಗೆ ಬೇಕಾಗಬಹುದು. ಪ್ರಾರ್ಥನೆಯೂ ಇರಲಿ, ಚಿಕಿತ್ಸೆಯೂ ಇರಲಿ. ದೂತನು ತಂದದ್ದು ನಿಜವಾದ ರೊಟ್ಟಿ, ನಿಜವಾದ ನೀರು.

ಕಾರಿನ ಹೋಲಿಕೆ ಇಲ್ಲಿಗೆ ಮುಗೀತು. ಯಾಕಂದ್ರೆ ಬ್ಯಾಟರಿ ಸಾಮಾನ್ಯವಾಗಿ ಮೂರು, ನಾಲ್ಕು, ಐದು ವರ್ಷ ಬಾಳುತ್ತೆ. ಆಮೇಲೆ ಹಳೇದನ್ನ ಅಂಗಡಿಗೆ ಕೊಟ್ಟು ಹೊಸದು ತರ್ತೀವಿ. ದೇವರು ನಿಮ್ಮನ್ನ ಯಾವತ್ತೂ ಹಳೇ ಬ್ಯಾಟರಿ ಅಂತ ಎತ್ತಿಡಲ್ಲ. ನನ್ನ ಪ್ರಾಣ ತೆಗೆದುಬಿಡು ಅಂತ ಎಲೀಯ ಮಾಡಿದ ಪ್ರಾರ್ಥನೆಗೆ ಏನಾಯ್ತು ಹೇಳಿ? ಎರಡನೇ ಅರಸುಗಳು ಎರಡನೇ ಅಧ್ಯಾಯ ಓದಿ. ಅವನು ಸಾಯಲೇ ಇಲ್ಲ! ಸುಳಿಗಾಳಿಯಲ್ಲಿ ಪರಲೋಕಕ್ಕೆ ಹೋದ. ಮತ್ತಾಯ 17ರಲ್ಲಿ ಬೆಟ್ಟದ ಮೇಲೆ ಪ್ರಕಾಶಿಸುತ್ತಿದ್ದ ಯೇಸುವಿನ ಪಕ್ಕದಲ್ಲಿ ನಿಂತು ಮಾತಾಡಿದವನೂ ಅವನೇ. ಗಿಡದ ಕೆಳಗೆ ಅವನು ಬೇಡಿದ್ದನ್ನ ದೇವರು ಕೊಟ್ಟಿದ್ರೆ ಅದ್ಯಾವುದೂ ಇರ್ತಿರಲಿಲ್ಲ. ದೇವರು ಕೊಡಲಿಲ್ಲ. ರೊಟ್ಟಿ ಕೊಟ್ಟರು.

ಎದ್ದು ನಿಲ್ಲೋಣ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ. ಇವತ್ತು ಯಾರನ್ನೂ ಜೋರಾಗಿ ಪ್ರಾರ್ಥಿಸಿ ಅಂತ ಕೇಳಲ್ಲ. ಆಗದವರು ಕೂತೇ ಇರಿ. ಪಕ್ಕದಲ್ಲಿರೋರು ಅವರ ಭುಜದ ಮೇಲೆ ಕೈಯಿಡಿ, ಅಷ್ಟೇ ಸಾಕು.

ಪರಲೋಕದ ತಂದೆಯೇ, ದಣಿದ ನಿನ್ನ ಮಕ್ಕಳನ್ನ ಮುಟ್ಟು. ನಿದ್ದೆ ಇಲ್ಲದವರಿಗೆ ಈ ರಾತ್ರಿ ನಿದ್ದೆ ಕೊಡು. ಒಬ್ಬಂಟಿಯಾಗಿರೋರಿಗೆ ಒಬ್ಬ ಎಲೀಷನನ್ನ ಕೊಡು. ಸೋರ್ತಿರೋ ಜಾಗವನ್ನ ತೋರಿಸು. ಮುಂದಿನ ದಾರಿಗೆ ಬೇಕಾದ ಬಲವನ್ನ ನಿನ್ನ ಆತ್ಮನಿಂದ ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.